ಅಂದಂದಿನ ಅಕ್ಕಿ: ಆಯ್ದಕ್ಕಿ ದಂಪತಿಗಳ ಅಂಗಳದಿಂದ ನಮ್ಮ ತಟ್ಟೆಯವರೆಗೆ



ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮನವರ ಕಥೆಯನ್ನು ಕೇಳದ ಭಕ್ತರು ವಿರಳ. ಕಲ್ಯಾಣದಲ್ಲಿ ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನವರ ಕಾಯಕ. ಆ ಅಕ್ಕಿಯನ್ನು ಅಡಿಗೆ ಮಾಡಿ ಜಂಗಮ ದಾಸೋಹ ನಡೆಸುವುದು ಲಕ್ಕಮ್ಮನವರ ನಿತ್ಯವ್ರತ. ಒಂದು ದಿನ ಮಾರಯ್ಯನವರು ಎಂದಿಗಿಂತ ಹೆಚ್ಚು ಅಕ್ಕಿಯನ್ನು ಹೊತ್ತು ಬಂದರು. ಲಕ್ಕಮ್ಮನವರು ಅದನ್ನು ಕಂಡು ಹರ್ಷಪಡಲಿಲ್ಲ. ಇದು ನಮ್ಮ ಅಂದಂದಿನ ಪಾಲಿಗಿಂತ ಹೆಚ್ಚಾಗಿದೆ, ಹೆಚ್ಚಾದುದನ್ನು ಎಲ್ಲಿಂದ ತಂದಿರೋ ಅಲ್ಲಿಯೇ ಸುರಿದು ಬನ್ನಿ ಎಂದು ಪತಿಯನ್ನು ಮರಳಿ ಕಳುಹಿಸಿದರು.

ಈ ಪ್ರಸಂಗವನ್ನು ನಾವು ಸಾಮಾನ್ಯವಾಗಿ ಕಾಯಕನಿಷ್ಠೆಗೆ ಮತ್ತು ನಿರಾಸೆಗೆ ದೃಷ್ಟಾಂತವಾಗಿ ಹೇಳುತ್ತೇವೆ. ಅದು ಸರಿಯೇ. ಆದರೆ ಈ ಕಥೆ ನಡೆಯುವುದು ಚಿನ್ನದ ಸುತ್ತ ಅಲ್ಲ, ಭೂಮಿಯ ಸುತ್ತ ಅಲ್ಲ, ಪದವಿಯ ಸುತ್ತ ಅಲ್ಲ. ಇದು ಅಕ್ಕಿಯ ಕಥೆ, ಅಡಿಗೆ ಮನೆಯ ಕಥೆ. ಇಂದು ಎಷ್ಟು ಬೇಕು, ಎಷ್ಟು ಸಾಕು ಎಂಬ ಪ್ರಶ್ನೆಯನ್ನು ಒಬ್ಬ ಗೃಹಿಣಿ ಒಲೆಯ ಮುಂದೆ ನಿಂತು ಕೇಳಿದ ಕಥೆ. ಸುಸ್ಥಿರ ಆಹಾರ ಎಂಬ ಮಾತು ಇಂದು ವಿಶ್ವಸಂಸ್ಥೆಯಿಂದ ಹಿಡಿದು ಶಾಲೆಯ ಪಠ್ಯದವರೆಗೆ ಎಲ್ಲೆಡೆ ಕೇಳಿಬರುತ್ತಿರುವಾಗ, ನಮ್ಮ ನಾಡಿನಲ್ಲಿ ಊಟಕ್ಕೂ ಅಳತೆಗೂ ಇದ್ದ ಸಂಬಂಧದ ಇತಿಹಾಸವನ್ನು ಒಮ್ಮೆ ಹಿಂತಿರುಗಿ ನೋಡುವುದು ಉಚಿತವೆಂದು ಭಾವಿಸಿ ಈ ಲೇಖನವನ್ನು ಬರೆಯುತ್ತಿದ್ದೇನೆ.

ಚೆಲ್ಲಿದ ಅಕ್ಕಿಯ ಅರ್ಥ

ಮಾರಯ್ಯ ದಂಪತಿಗಳು ಇಂದಿನ ರಾಯಚೂರು ಜಿಲ್ಲೆಯ ಲಿಂಗಸುಗೂರು ತಾಲ್ಲೂಕಿನ ಅಮರೇಶ್ವರದವರು. ಅವರ ವಚನಗಳ ಅಂಕಿತದಲ್ಲಿ ಆ ಊರಿನ ದೈವದ ಹೆಸರೇ ನಿಂತಿದೆ. ಲಕ್ಕಮ್ಮನವರು ತಮ್ಮ ಅಂಕಿತದಲ್ಲಿ ಪತಿಯ ಹೆಸರನ್ನೂ ಕೂಡಿಸಿಕೊಂಡಿದ್ದಾರೆ. ಅಕ್ಕಿಯನ್ನು ಮರಳಿಸಿದ ಪ್ರಸಂಗವು ವಿಸ್ತಾರವಾಗಿ ದೊರೆಯುವುದು ಹದಿನೈದನೆಯ ಶತಮಾನದಿಂದೀಚೆಗೆ ಸಂಕಲಿತವಾದ ಶೂನ್ಯಸಂಪಾದನೆಗಳಲ್ಲಿ. ಆದುದರಿಂದ ಅದನ್ನು ಹನ್ನೆರಡನೆಯ ಶತಮಾನದ ದಿನಚರಿಯೆಂದು ಓದುವುದು ಸರಿಯಲ್ಲ. ಶರಣರ ಬಾಳಿನಿಂದ ಮುಂದಿನ ಪೀಳಿಗೆ ಯಾವುದನ್ನು ಮರೆಯಬಾರದೆಂದು ನಿಶ್ಚಯಿಸಿತೋ ಅದರ ದಾಖಲೆಯೆಂದು ಓದಬೇಕು. ಆ ಪೀಳಿಗೆ ನೆನಪಿನಲ್ಲಿ ಉಳಿಸಿಕೊಂಡದ್ದು ಒಂದು ಹಿಡಿ ಹೆಚ್ಚಾದ ಅಕ್ಕಿಯನ್ನು ಎಂಬುದು ಗಮನಾರ್ಹ.

ಚೆಲ್ಲಿದ ಧಾನ್ಯವನ್ನು ಆಯುವುದು ಹೊಸ ಸಂಗತಿಯೇನಲ್ಲ. ಕಣದಲ್ಲಿ ರಾಶಿ ಎತ್ತಿದ ಮೇಲೆ ಉಳಿದ ಕಾಳು, ಕುಯಿಲು ಮುಗಿದ ಹೊಲದಲ್ಲಿ ಬಿದ್ದ ತೆನೆ, ಇವು ಬಡವರಿಗೂ ಹಕ್ಕಿಗಳಿಗೂ ಸೇರಿದವೆಂಬ ತಿಳಿವಳಿಕೆ ನಮ್ಮ ಹಳ್ಳಿಗಳಲ್ಲಿ ಬಹುಕಾಲ ಇತ್ತು. ಶರಣರು ಮಾಡಿದ್ದು ಬೇರೆ. ಲೋಕವು ದೈನ್ಯವೆಂದು ಕಂಡ ಕೆಲಸವನ್ನು ಅವರು ಕಾಯಕವೆಂದು ಎತ್ತಿ ನಿಲ್ಲಿಸಿದರು. ಆಯುವವನು ಭಿಕ್ಷುಕನಲ್ಲ, ವ್ಯರ್ಥವಾಗಲಿದ್ದ ಅನ್ನವನ್ನು ಪ್ರಸಾದದ ದಾರಿಗೆ ತರುವವನು. ಮಹಾಮನೆಯ ವೈಭವದ ಅಂಗಳದಲ್ಲಿ ಏನು ಚೆಲ್ಲುತ್ತಿದೆ ಎಂಬುದನ್ನು ನೋಡುವ ಕಣ್ಣು ಅವನದು.

ಇಲ್ಲಿ ಒಂದು ಸೂಕ್ಷ್ಮವಿದೆ. ಲಕ್ಕಮ್ಮನವರು ಹೆಚ್ಚಿನ ಅಕ್ಕಿಯನ್ನು ಬೇಡವೆಂದರು. ಆದರೆ ಅದೇ ಲಕ್ಕಮ್ಮನವರು ಅಸಂಖ್ಯಾತ ಜಂಗಮರನ್ನು ಮನೆಗೆ ಬರಮಾಡಿಕೊಂಡು ತೃಪ್ತಿಪಡಿಸಿದರೆಂದೂ ಸಂಪ್ರದಾಯ ಹೇಳುತ್ತದೆ. ಮೇಲುನೋಟಕ್ಕೆ ಇವೆರಡೂ ಪರಸ್ಪರ ವಿರುದ್ಧವಾಗಿ ಕಾಣುತ್ತವೆ. ಕೂಡಿಸಿಡುವುದಕ್ಕೆ ಮಿತಿ, ಬಡಿಸುವುದಕ್ಕೆ ಮಿತಿಯಿಲ್ಲ. ಅಳತೆ ಇರುವುದು ತೆಗೆದುಕೊಳ್ಳುವವನ ಆಸೆಗೆ, ಹಸಿದು ಬಂದವನ ಹೊಟ್ಟೆಗಲ್ಲ. ಈ ಭೇದವನ್ನು ಮರೆತರೆ ಮಿತವ್ಯಯವು ಜಿಪುಣತನವಾಗುತ್ತದೆ, ದಾಸೋಹವು ಆಡಂಬರವಾಗುತ್ತದೆ.

ಪ್ರಸಾದವೂ ತಟ್ಟೆಯೂ

ಅಷ್ಟಾವರಣಗಳಲ್ಲಿ ಪ್ರಸಾದ ಒಂದು. ಷಟ್‌ಸ್ಥಲಗಳಲ್ಲಿ ಪ್ರಸಾದಿಸ್ಥಲ ಮೂರನೆಯದು. ಒಂದು ಧರ್ಮವು ಉಣ್ಣುವ ಕ್ರಿಯೆಗೆ ಸಾಧನೆಯ ಮಾರ್ಗದಲ್ಲಿ ಇಷ್ಟು ಎತ್ತರದ ಸ್ಥಾನವನ್ನು ಕೊಟ್ಟಿರುವುದು ಚಿಂತನಾರ್ಹ. ಶರಣರ ದೃಷ್ಟಿಯಲ್ಲಿ ಪದಾರ್ಥವು ಲಿಂಗಕ್ಕೆ ಅರ್ಪಿತವಾದ ಮೇಲೆ ಪ್ರಸಾದವಾಗುತ್ತದೆ. ಅರ್ಪಿಸಿದ್ದನ್ನು ಬಿಸಾಡುವಂತಿಲ್ಲ. ಬಿಸಾಡುವಷ್ಟನ್ನು ಅರ್ಪಿಸುವಂತೆಯೂ ಇಲ್ಲ. ಹೀಗೆ ಅರ್ಪಣೆಯ ತತ್ತ್ವದೊಳಗೇ ಒಂದು ಅಳತೆ ಅಡಗಿದೆ.

ಈ ತತ್ತ್ವವು ನಮ್ಮ ಮನೆಗಳಲ್ಲಿ ಒಂದು ಸರಳ ಆಚರಣೆಯಾಗಿ ಉಳಿದು ಬಂದಿತು. ಊಟವಾದ ಮೇಲೆ ತಟ್ಟೆಯನ್ನು ಬೆರಳಿನಿಂದ ಬಳಿದು, ಸ್ವಲ್ಪ ನೀರು ಹಾಕಿ ತೊಳೆದು, ಆ ನೀರನ್ನೂ ಕುಡಿಯುವುದು. ನನ್ನ ಅಜ್ಜಿ ಜೀವಮಾನವಿಡೀ ಹಾಗೆಯೇ ಮಾಡಿದರು. ನಾನು ಪದವಿ ವ್ಯಾಸಂಗಕ್ಕೆ ನಗರಕ್ಕೆ ಹೋದ ಮೊದಲ ವರ್ಷ ವಿದ್ಯಾರ್ಥಿ ನಿಲಯದಲ್ಲಿ ಅಭ್ಯಾಸಬಲದಿಂದ ಹಾಗೆ ಮಾಡಿದಾಗ ಪಕ್ಕದವರು ನಕ್ಕರು. ಮರುದಿನದಿಂದ ಬಿಟ್ಟುಬಿಟ್ಟೆ. ಬಿಟ್ಟದ್ದು ಒಂದು ಲೋಟ ನೀರನ್ನಷ್ಟೇ ಅಲ್ಲ ಎಂಬುದು ಬಹಳ ವರ್ಷಗಳ ಬಳಿಕ, ವಚನಗಳನ್ನು ಪಾಠವಾಗಿ ಓದಲು ಕುಳಿತಾಗ ತಿಳಿಯಿತು. ತಟ್ಟೆ ತೊಳೆದು ಕುಡಿಯಬೇಕಾದವನು ಬಡಿಸಿಕೊಳ್ಳುವಾಗಲೇ ಯೋಚಿಸುತ್ತಾನೆ. ಆ ಯೋಚನೆಯನ್ನೇ ನಾನು ಬಿಟ್ಟಿದ್ದೆ.

ನೆಲದ ಧಾನ್ಯಗಳು

ಇನ್ನು ತಟ್ಟೆಯಲ್ಲಿ ಏನಿತ್ತು ಎಂಬ ಪ್ರಶ್ನೆಗೆ ಬರೋಣ. ಕನ್ನಡ ನಾಡಿನ ಬಹುಭಾಗ ಮಳೆಯನ್ನು ನಂಬಿದ ಒಣನೆಲ. ಬಳ್ಳಾರಿ ಸೀಮೆಯ ಸಂಗನಕಲ್ಲು, ತೆಕ್ಕಲಕೋಟೆಗಳಂತಹ ನವಶಿಲಾಯುಗದ ನೆಲೆಗಳಲ್ಲಿ ನಡೆದ ಉತ್ಖನನ ಮತ್ತು ಸಂಶೋಧನೆಗಳು ಸುಮಾರು 4000 ವರ್ಷಗಳ ಹಿಂದೆಯೇ ಇಲ್ಲಿನ ಜನ ಹುರುಳಿ, ಹೆಸರು ಮತ್ತು ಕೊರಲೆಯಂತಹ ಕಿರುಧಾನ್ಯಗಳನ್ನು ಬೆಳೆದು ಉಣ್ಣುತ್ತಿದ್ದರೆಂದು ತೋರಿಸಿವೆ. ಇಂದು ಸಿರಿಧಾನ್ಯವೆಂದು ಹೊಸ ಹೆಸರಿನಿಂದ ಕರೆಯಲ್ಪಡುವ ಕೊರಲೆಯು ಈ ನೆಲದ ಅತ್ಯಂತ ಹಳೆಯ ಅನ್ನಗಳಲ್ಲೊಂದು.

ರಾಗಿಯ ಕಥೆ ಇನ್ನೂ ಸ್ವಾರಸ್ಯಕರ. ನಾವು ನಮ್ಮದೇ ಎಂದು ಅಭಿಮಾನಪಡುವ ರಾಗಿ ಮೂಲತಃ ಪೂರ್ವ ಆಫ್ರಿಕದ ಧಾನ್ಯ. ಸಾವಿರಾರು ವರ್ಷಗಳ ಹಿಂದೆ ಕಡಲು ದಾಟಿ ಬಂದು ಇಲ್ಲಿನ ಕೆಂಪು ಮಣ್ಣಿಗೆ ಒಗ್ಗಿಕೊಂಡಿತು. ಬಯಲುಸೀಮೆಯ ದಕ್ಷಿಣದಲ್ಲಿ ರಾಗಿ, ಉತ್ತರದ ಕಪ್ಪುಮಣ್ಣಿನಲ್ಲಿ ಜೋಳ, ಇನ್ನೂ ತೆಳುವಾದ ನೆಲದಲ್ಲಿ ಸಜ್ಜೆ, ನವಣೆ, ಸಾಮೆ, ಬರಗು, ಹಾರಕ. ಹೀಗೆ ಆಯಾ ಮಣ್ಣು ಆಯಾ ಮಳೆಗೆ ತಕ್ಕ ಊಟ ನೆಲೆಗೊಂಡಿತು. ಅಕ್ಕಿ ಮಲೆನಾಡಿನಲ್ಲಿ, ಕರಾವಳಿಯಲ್ಲಿ, ಕೆರೆ ಕಾಲುವೆಗಳ ಕೆಳಗೆ ನಿತ್ಯದ ಅನ್ನ. ಒಣನಾಡಿನ ಬಡವರ ಮನೆಯಲ್ಲಿ ಅದು ಹಬ್ಬದ ಅನ್ನ.

ಹದಿನಾರನೆಯ ಶತಮಾನದಲ್ಲಿ ಕನಕದಾಸರು ರಾಮಧಾನ್ಯಚರಿತೆಯನ್ನು ರಚಿಸಿ ಭತ್ತಕ್ಕೂ ರಾಗಿಗೂ ವಾದ ಹೂಡಿಸಿದ್ದು ಇದೇ ಹಿನ್ನೆಲೆಯಲ್ಲಿ. ಆ ಕಾವ್ಯದಲ್ಲಿ ಎರಡು ಧಾನ್ಯಗಳನ್ನೂ ಆರು ತಿಂಗಳು ಸೆರೆಯಲ್ಲಿಡಲಾಗುತ್ತದೆ. ಭತ್ತ ಕಾಂತಿಗುಂದುತ್ತದೆ, ರಾಗಿ ಕೆಡದೆ ನಿಲ್ಲುತ್ತದೆ. ಶ್ರೀರಾಮನು ರಾಗಿಗೆ ತನ್ನ ಹೆಸರನ್ನೇ ದಯಪಾಲಿಸುತ್ತಾನೆ. ಉಳ್ಳವರ ಧಾನ್ಯ ಮತ್ತು ದುಡಿಯುವವರ ಧಾನ್ಯ ಎಂಬ ಮೇಲುಕೀಳಿನ ಭಾವನೆಯನ್ನು ಅಲ್ಲಗಳೆದ ಈ ಕಾವ್ಯವು ಶರಣರು ತೆರೆದ ದಾರಿಯ ಸಮೀಪದಲ್ಲಿಯೇ ನಡೆಯುತ್ತದೆ. ಮೋಳಿಗೆ ಮಾರಯ್ಯನವರ ಮನೆಯ ಅಂಬಲಿಯನ್ನು ಬಸವಣ್ಣನವರು ಪ್ರಸಾದವೆಂದು ಸ್ವೀಕರಿಸಿದ ಕಥೆಯನ್ನು ಇಲ್ಲಿ ಭಕ್ತರು ನೆನೆಯಬಹುದು.

ಕನಕದಾಸರು ಹೇಳಿದ ಆ ಬಾಳಿಕೆಯ ಗುಣವು ಕವಿಕಲ್ಪನೆಯಲ್ಲ. ರಾಗಿಯ ಕಾಳು ಬಹು ಚಿಕ್ಕದು, ಗಟ್ಟಿಯಾದದ್ದು, ಹುಳು ಹತ್ತುವುದು ಕಡಮೆ. ನಮ್ಮ ಪೂರ್ವಿಕರು ಊರ ಗಟ್ಟಿನೆಲದಲ್ಲಿ ಹಗೇವು ತೋಡಿ, ಒಳಗೆ ಹುಲ್ಲು ಹೊದಿಸಿ, ರಾಗಿ ತುಂಬಿ, ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತುತ್ತಿದ್ದರು. ಗಾಳಿಯಾಡದ ಆ ಗುಂಡಿಯಲ್ಲಿ ಧಾನ್ಯ ಹಲವು ವರ್ಷ ಕೆಡದೆ ಇರುತ್ತಿತ್ತು. ಹಗೇವಿನ ಬಾಯಿ ತೆಗೆದ ಕೂಡಲೇ ಯಾರೂ ಇಳಿಯುತ್ತಿರಲಿಲ್ಲ. ಮೊದಲು ದೀಪವನ್ನು ಇಳಿಬಿಟ್ಟು, ಅದು ಆರದೆ ಉರಿದರೆ ಮಾತ್ರ ಒಳಗೆ ಉಸಿರಾಡುವ ಗಾಳಿ ಇದೆಯೆಂದು ತಿಳಿದು ಇಳಿಯುತ್ತಿದ್ದರು. ಒಳ್ಳೆಯ ವರ್ಷದ ಬೆಳೆಯನ್ನು ಕೆಟ್ಟ ವರ್ಷದ ಹಸಿವಿಗಾಗಿ ಕಾಯ್ದಿಡುವ ವಿವೇಕ ಇದು. ಲಕ್ಕಮ್ಮನವರು ಬೇಡವೆಂದ ಕೂಡಿಕೆಗೂ ಊರು ಕೂಡಿಟ್ಟ ಈ ಹಗೇವಿಗೂ ವ್ಯತ್ಯಾಸವಿದೆ. ಮೊದಲನೆಯದು ಆಸೆಯಿಂದ ಹುಟ್ಟಿದ್ದು, ಎರಡನೆಯದು ಹೊಣೆಯಿಂದ ಹುಟ್ಟಿದ್ದು.

1799ರಲ್ಲಿ ಶ್ರೀರಂಗಪಟ್ಟಣ ಪತನವಾದ ಮರುವರ್ಷ, ಅಂದರೆ 1800ರಲ್ಲಿ, ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯನು ಕಂಪನಿ ಸರಕಾರದ ಆಜ್ಞೆಯಂತೆ ಮೈಸೂರು ಸೀಮೆಯಲ್ಲಿ ಸಂಚರಿಸಿದನು. 1807ರಲ್ಲಿ ಪ್ರಕಟವಾದ ಅವನ ಪ್ರವಾಸ ಕಥನದಲ್ಲಿ ರಾಗಿಯ ಬೇಸಾಯದ ವಿವರಗಳು ವಿಪುಲವಾಗಿವೆ. ರಾಗಿಯ ನಡುನಡುವೆ ಅವರೆ, ತೊಗರಿಗಳನ್ನು ಸಾಲಾಗಿ ಬಿತ್ತುವ ಪದ್ಧತಿಯನ್ನು ಅವನು ಗಮನಿಸಿ ಬರೆದಿದ್ದಾನೆ. ನಮ್ಮ ರೈತರು ಇದನ್ನೇ ಅಕ್ಕಡಿ ಎನ್ನುತ್ತಾರೆ. ರಾಗಿ ಹೊಟ್ಟೆಗೆ, ಅವರೆ ತೊಗರಿಗಳು ಸಾರಿಗೆ, ಹುಲ್ಲು ದನಗಳಿಗೆ. ಕಾಳಿನ ಗಿಡಗಳು ಬೇರಿನ ಗಂಟುಗಳ ಮೂಲಕ ಮಣ್ಣಿಗೆ ಸಾರಜನಕವನ್ನು ತುಂಬುತ್ತವೆ. ಒಂದು ಬೆಳೆ ಕೈಕೊಟ್ಟರೆ ಇನ್ನೊಂದು ಕೈಹಿಡಿಯುತ್ತದೆ. ತಟ್ಟೆಯಲ್ಲಿ ಮುದ್ದೆಯೂ ಅವರೆಕಾಳಿನ ಸಾರೂ ಜೊತೆಯಾಗಿ ಬರುವುದು ಹೊಲದಲ್ಲಿ ಅವು ಜೊತೆಯಾಗಿ ಬೆಳೆದುದರಿಂದ.

ಆದರೆ ಹಿಂದಿನದೆಲ್ಲವೂ ಸುವರ್ಣಯುಗವೆಂದು ಭ್ರಮಿಸಬಾರದು. 1876ರಿಂದ 1878ರವರೆಗೆ ಕಾಡಿದ ಮಹಾಕ್ಷಾಮದಲ್ಲಿ ಹಗೇವುಗಳೂ ಬರಿದಾದವು. 1871ರ ಗಣತಿಯಲ್ಲಿ 50 ಲಕ್ಷವನ್ನು ಮೀರಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರ ಗಣತಿಯ ವೇಳೆಗೆ 42 ಲಕ್ಷದ ಆಸುಪಾಸಿಗೆ ಇಳಿದಿತ್ತು. ಅನ್ನದ ಬಗ್ಗೆ ನಮ್ಮ ಹಿರಿಯರಲ್ಲಿದ್ದ ಭಯಭಕ್ತಿಗೆ ಇಂತಹ ನೆನಪುಗಳೂ ಕಾರಣ. ಒಂದು ಅಗುಳನ್ನು ತುಳಿಯಬಾರದೆಂದು ಅಜ್ಜಿಯರು ಗದರಿಸುತ್ತಿದ್ದುದರ ಹಿಂದೆ ಧರ್ಮದ ಜೊತೆಗೆ ಹಸಿವಿನ ಇತಿಹಾಸವೂ ಇತ್ತು.

ತಟ್ಟೆ ಬದಲಾದ ಬಗೆ

ಸ್ವಾತಂತ್ರ್ಯಾನಂತರ 1960ರ ದಶಕದಲ್ಲಿ ದೇಶವು ತೀವ್ರವಾದ ಆಹಾರದ ಕೊರತೆಯನ್ನು ಎದುರಿಸಿತು. 1965ರಲ್ಲಿ ಭಾರತ ಆಹಾರ ನಿಗಮ ಸ್ಥಾಪನೆಯಾಯಿತು. ಹಸಿರು ಕ್ರಾಂತಿಯು ಗೋಧಿ ಮತ್ತು ಭತ್ತದ ಇಳುವರಿಯನ್ನು ಹೆಚ್ಚಿಸಿತು. ಸರಕಾರ ಕೊಳ್ಳುವುದೂ ಪಡಿತರ ಅಂಗಡಿಯಲ್ಲಿ ಹಂಚುವುದೂ ಮುಖ್ಯವಾಗಿ ಈ ಎರಡು ಧಾನ್ಯಗಳನ್ನೇ ಆಯಿತು. ಅದರಿಂದ ಹಸಿವು ತಗ್ಗಿತು ಎಂಬುದನ್ನು ಕೃತಜ್ಞತೆಯಿಂದ ಸ್ಮರಿಸಬೇಕು. ತಲೆಮಾರುಗಳ ಕಾಲ ಅನ್ನವನ್ನು ಹಬ್ಬಕ್ಕೆ ಮಾತ್ರ ಕಂಡ ಮನೆಗೆ ದಿನವೂ ಅನ್ನ ಬಂದದ್ದು ಸಣ್ಣ ಮಾತಲ್ಲ. ಅಂಥವರ ಮುಂದೆ ನಿಂತು ನೀವು ಮತ್ತೆ ರಾಗಿ ಉಣ್ಣಿರಿ ಎಂದು ಉಪದೇಶಿಸುವ ಅಧಿಕಾರ ಉಂಡು ಬೆಳೆದ ನಮಗಿಲ್ಲ.

ಆದರೆ ಇನ್ನೊಂದು ಸಂಗತಿಯೂ ನಡೆಯಿತು. ಬಿಳಿಯ ಅನ್ನ ಗೌರವದ ಗುರುತಾಯಿತು, ಮುದ್ದೆ ರೊಟ್ಟಿಗಳು ಹಳ್ಳಿಗಾಡಿನ ಗುರುತಾದವು. ನವಣೆ, ಸಾಮೆ, ಹಾರಕಗಳು ಹೊಲದಿಂದಲೂ ಮಾತಿನಿಂದಲೂ ಮರೆಯಾಗತೊಡಗಿದವು. ಇಂತಹ ಕಾಲದಲ್ಲಿಯೂ ಮಂಡ್ಯದ ಕೃಷಿ ಕ್ಷೇತ್ರದಲ್ಲಿ ದುಡಿದ ವಿಜ್ಞಾನಿ ಲಕ್ಷ್ಮಣಯ್ಯನವರು ಆಫ್ರಿಕದ ಮತ್ತು ಭಾರತದ ರಾಗಿ ತಳಿಗಳನ್ನು ಸಂಕರಿಸಿ ಇಂಡಾಫ್ ಎಂಬ ಹೆಸರಿನ ಅಧಿಕ ಇಳುವರಿಯ ತಳಿಗಳನ್ನು ರೂಪಿಸಿದರು. ಇಂಡಿಯಾ ಮತ್ತು ಆಫ್ರಿಕ ಎಂಬ ಎರಡು ಹೆಸರುಗಳು ಆ ಒಂದು ಪದದಲ್ಲಿ ಕೂಡಿವೆ. ನಾಡು ಅವರನ್ನು ರಾಗಿ ಲಕ್ಷ್ಮಣಯ್ಯ ಎಂದೇ ಕರೆಯಿತು. ರಾಗಿ ಇಂದಿಗೂ ನಮ್ಮ ಹೊಲಗಳಲ್ಲಿ ಉಳಿದಿರುವುದಕ್ಕೆ ಇಂತಹವರ ಕಾಯಕವೂ ಒಂದು ಕಾರಣ.

2018ರಲ್ಲಿ ಕೇಂದ್ರ ಸರಕಾರವು ಈ ಧಾನ್ಯಗಳನ್ನು ಪೌಷ್ಟಿಕ ಧಾನ್ಯಗಳೆಂದು ಹೆಸರಿಸಿತು. ಭಾರತದ ಪ್ರಸ್ತಾವದ ಮೇರೆಗೆ ವಿಶ್ವಸಂಸ್ಥೆಯು 2023ನ್ನು ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷವೆಂದು ಆಚರಿಸಿತು. ಕಾರಣಗಳು ಸ್ಪಷ್ಟವಾಗಿವೆ. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗಿಂತ ಹೆಚ್ಚು ಸುಣ್ಣದ ಅಂಶವಿದೆ. ಅಷ್ಟೇ ಅಕ್ಕಿಯಲ್ಲಿರುವುದು ಹತ್ತು ಮಿಲಿಗ್ರಾಂ ಆಸುಪಾಸು. ಗದ್ದೆಯಲ್ಲಿ ಒಂದು ಕಿಲೋ ಭತ್ತ ಬೆಳೆಯಲು ಮಳೆ ಮತ್ತು ನೀರಾವರಿ ಸೇರಿ ಸರಾಸರಿ 2500 ಲೀಟರ್ ನೀರು ಒದಗಬೇಕೆಂದು ಭತ್ತದ ವಿಜ್ಞಾನಿಗಳು ಲೆಕ್ಕ ಹಾಕಿದ್ದಾರೆ. ರಾಗಿ, ನವಣೆಗಳು ಮಳೆಯ ನೀರಿನಲ್ಲಿಯೇ ಬೆಳೆಯಬಲ್ಲವು.

ನಾವು ಸಸ್ಯಾಹಾರಿಗಳು, ಪರಿಸರದ ಈ ಚರ್ಚೆ ನಮಗೆ ಸಂಬಂಧಿಸಿದ್ದಲ್ಲ ಎಂದು ಕೆಲವರು ಸಮಾಧಾನಪಟ್ಟುಕೊಳ್ಳುವುದುಂಟು. ನೀರು ನಿಂತ ಭತ್ತದ ಗದ್ದೆಯಿಂದಲೂ, ತಿಪ್ಪೆಯಲ್ಲಿ ಕೊಳೆಯುವ ಅನ್ನದಿಂದಲೂ ಮೀಥೇನ್ ಅನಿಲ ಹೊರಟು ಭೂಮಿಯ ತಾಪವನ್ನು ಹೆಚ್ಚಿಸುತ್ತದೆ. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮವು 2024ರಲ್ಲಿ ಪ್ರಕಟಿಸಿದ ವರದಿಯಂತೆ 2022ರ ಒಂದೇ ವರ್ಷದಲ್ಲಿ ಜಗತ್ತಿನ ಅಂಗಡಿ, ಹೋಟೆಲು ಮತ್ತು ಮನೆಗಳಲ್ಲಿ ವ್ಯರ್ಥವಾದ ಆಹಾರ ಸುಮಾರು 105 ಕೋಟಿ ಟನ್. ಬಳಕೆದಾರರಿಗೆ ದೊರೆತ ಆಹಾರದ ಸುಮಾರು ಐದನೆಯ ಒಂದು ಪಾಲು ಇದು. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಪೋಲಾದದ್ದು ಮನೆಗಳಲ್ಲಿ. ಜಗತ್ತಿನ ಅಂಗಳದಲ್ಲಿ ಇಂದು ಚೆಲ್ಲಿರುವ ಅಕ್ಕಿ ಇಷ್ಟು.

ದಾಸೋಹ ಮನೆಯ ಹಿಂದಣ ಅಂಗಳ

ಕಳೆದ ಜಾತ್ರೆಯ ಮರುದಿನ ಬೆಳಿಗ್ಗೆ ನಾನು ಯಾವುದೋ ಕಾಗದಪತ್ರಕ್ಕಾಗಿ ನಮ್ಮ ಮಠದ ಉಗ್ರಾಣಕ್ಕೆ ಹೋಗಿದ್ದೆ. ದಾಸೋಹ ಮನೆಯ ಹಿಂದೆ ಎಲೆಗಳ ರಾಶಿ. ಅರ್ಧ ಉಂಡ ಹುಗ್ಗಿ, ಮುಟ್ಟದ ಅನ್ನ, ಕಡಿಯದ ರೊಟ್ಟಿ. ಭಕ್ತರು ತಮ್ಮ ಮನೆಯ ಮುಷ್ಟಿಧಾನ್ಯವನ್ನು ಕೂಡಿಸಿ ತಂದೊಪ್ಪಿಸಿದ ದವಸ ಅದು. ಆ ರಾಶಿಯಿಂದ ಹತ್ತು ಹೆಜ್ಜೆ ದೂರದಲ್ಲಿ ವೃದ್ಧ ಭಕ್ತೆಯೊಬ್ಬರು ಕುಳಿತು, ಚೀಲ ಇಳಿಸುವಾಗ ನೆಲದ ಮೇಲೆ ಚೆಲ್ಲಿದ್ದ ಅಕ್ಕಿಯನ್ನು ಗುಡಿಸಿ ಮೊರದಲ್ಲಿ ಕೇರುತ್ತಿದ್ದರು.

"ಯವ್ವಾ, ಇಷ್ಟು ಅಕ್ಕಿಗೆ ಇಷ್ಟು ಶ್ರಮ ಯಾಕ?" ಎಂದೆ.

"ಇಷ್ಟ ಅಂತ ಯಾಕಂತಿ ತಮ್ಮಾ? ಒಬ್ಬರ ಹೊಟ್ಟಿ ತುಂಬತೈತಿ" ಎಂದರು. ತಲೆ ಎತ್ತಲಿಲ್ಲ.

ಆಯ್ದಕ್ಕಿ ಲಕ್ಕಮ್ಮನವರ ಮೇಲೆ ಉಪನ್ಯಾಸ ಮಾಡಿದವನು ನಾನು. ಆ ಕಾಯಕವನ್ನು ಮಾಡುತ್ತಿದ್ದವರು ಅವರು. ನನ್ನ ಹಿಂದೆ ಇದ್ದ ಎಲೆಗಳ ರಾಶಿಯನ್ನು ತೋರಿಸಿ ಅವರು ಒಂದು ಮಾತು ಆಡಿದ್ದರೂ ನಾನು ಉತ್ತರಿಸಲಾರದೆ ಹೋಗುತ್ತಿದ್ದೆ. ಅವರು ಆಡಲಿಲ್ಲ.

ಈ ವಿಷಯವನ್ನು ದಾಸೋಹ ಸಮಿತಿಯ ಮುಂದೆ ಇಟ್ಟಾಗ ಹಿರಿಯರೊಬ್ಬರು ಆಕ್ಷೇಪಿಸಿದರು. ದಾಸೋಹದಲ್ಲಿ ಅಳತೆ ಹಾಕಬಾರದು, ಕೈ ಹಿಡಿದು ಬಡಿಸಿದರೆ ಮಠದ ಘನತೆಗೆ ಕುಂದು ಎಂಬುದು ಅವರ ವಾದ. ಅದರಲ್ಲಿ ಸತ್ಯವಿದೆ. ಹಸಿದು ಬಂದವನ ಎಲೆಯ ಮುಂದೆ ಲೆಕ್ಕ ಹಾಕುವುದು ದಾಸೋಹವಲ್ಲ. ಆದರೆ ಒಮ್ಮೆಗೇ ರಾಶಿ ಸುರಿದು ಮುಂದೆ ಹೋಗಿಬಿಡುವುದೂ ದಾಸೋಹವಲ್ಲ. ಸ್ವಲ್ಪ ಬಡಿಸಿ, ಮತ್ತೆ ಬಂದು ಕೇಳಿ, ಮತ್ತೆ ಬಡಿಸುವುದರಲ್ಲಿ ಶ್ರಮ ಹೆಚ್ಚು, ಪ್ರೀತಿಯೂ ಹೆಚ್ಚು. ಕೊನೆಗೆ ಅದೇ ನಿರ್ಣಯವಾಯಿತು. ಮೊದಲ ಸುತ್ತಿನಲ್ಲಿ ಅರ್ಧ ಸೌಟು, ಆಮೇಲೆ ಕೇಳಿದಷ್ಟು ಸುತ್ತು. ಈಗ ಬಡಿಸುವವರು ಹೆಚ್ಚು ಬೇಕಾಗಿದ್ದಾರೆ. ಆ ಕೆಲಸಕ್ಕೆ ಯುವಕರು ಮುಂದೆ ಬಂದಿದ್ದಾರೆ. ಆಕ್ಷೇಪಿಸಿದ ಹಿರಿಯರೇ ಪಂಕ್ತಿಯ ಕೊನೆಯಲ್ಲಿ ನಿಂತು ಎಲ್ಲರಿಗೂ ಮತ್ತೊಮ್ಮೆ ಬಡಿಸಿರೆಂದು ಕೂಗಿ ಹೇಳುತ್ತಾರೆ.

ನಮ್ಮ ನಾಡಿನ ಮಠಗಳ ಇತಿಹಾಸದಲ್ಲಿ ಇದಕ್ಕೆ ದೊಡ್ಡ ಮಾದರಿಗಳಿವೆ. ತುಮಕೂರಿನ ಸಿದ್ಧಗಂಗೆಯಲ್ಲಿ ಲಿಂಗೈಕ್ಯ ಶ್ರೀ ಶಿವಕುಮಾರ ಮಹಾಸ್ವಾಮಿಗಳವರು (1907–2019) ಜಾತಿಭೇದವಿಲ್ಲದೆ ಸಾವಿರಾರು ಮಕ್ಕಳಿಗೆ ನಿತ್ಯ ಅನ್ನ ಮತ್ತು ಅಕ್ಷರಗಳನ್ನು ನೀಡಿದರು. ಊರೂರು ಸುತ್ತಿ ಭಕ್ತರಿಂದ ಧಾನ್ಯ ಕೂಡಿಸಿ ಆ ದಾಸೋಹವನ್ನು ಕಟ್ಟಿದರು. ಕೊಪ್ಪಳದ ಗವಿಮಠದ ಜಾತ್ರೆಯ ಮಹಾದಾಸೋಹಕ್ಕೆ ಸುತ್ತಲಿನ ಊರುಗಳ ತಾಯಂದಿರು ಲಕ್ಷಗಟ್ಟಲೆ ಜೋಳದ ರೊಟ್ಟಿಗಳನ್ನು ತಮ್ಮ ಮನೆಯ ಒಲೆಯಲ್ಲಿ ತಟ್ಟಿ ತಂದು ಒಪ್ಪಿಸುತ್ತಾರೆ. ಆ ನೆಲದಲ್ಲಿ ಬೆಳೆದ ಜೋಳ, ಆ ನೆಲದ ತಾಯಂದಿರ ಕೈ. ಒಣಗಿದ ಖಡಕ್ ರೊಟ್ಟಿ ದಿನಗಟ್ಟಲೆ ಕೆಡುವುದಿಲ್ಲ, ಶೀತಲ ಪೆಟ್ಟಿಗೆಯೂ ಬೇಡ. ಸುಸ್ಥಿರತೆ ಎಂಬ ಪದ ಹುಟ್ಟುವ ಮೊದಲೇ ಇದ್ದ ವ್ಯವಸ್ಥೆ ಇದು.

ಮನೆಯಲ್ಲಿ ಏನು ಮಾಡಬಹುದು

ಇತಿಹಾಸವನ್ನು ಓದಿ ಮುಚ್ಚಿಟ್ಟರೆ ಪ್ರಯೋಜನವಿಲ್ಲ. ಭಕ್ತರು ತಮ್ಮ ಮನೆಯಲ್ಲಿ ಆಚರಿಸಬಹುದಾದ ಕೆಲವು ಸಂಗತಿಗಳನ್ನು ವಿನಯಪೂರ್ವಕವಾಗಿ ಸೂಚಿಸುತ್ತೇನೆ.

ಮೊದಲನೆಯದು, ಅಳೆದು ಹಾಕುವುದು. ಹಿಂದೆ ಪ್ರತಿ ಮನೆಯಲ್ಲಿ ಸೇರು, ಪಾವು, ಚಟಾಕುಗಳಿದ್ದವು. ಉಣ್ಣುವವರನ್ನು ಎಣಿಸಿ ಅಳೆದು ಹಾಕಿ, ಅದರಲ್ಲಿಯೇ ಒಂದು ಹಿಡಿಯನ್ನು ಮಠಕ್ಕೆಂದು ತೆಗೆದಿಡುತ್ತಿದ್ದರು. ಆ ಮುಷ್ಟಿಧಾನ್ಯದ ಗಡಿಗೆಯನ್ನು ಮತ್ತೆ ಇಟ್ಟುಕೊಳ್ಳಿ. ಮಠಕ್ಕೇ ಕೊಡಬೇಕೆಂದಿಲ್ಲ, ನೆರೆಹೊರೆಯ ಹಸಿದವರಿಗೆ ಕೊಡಿ. ದಿನಕ್ಕೆ ಒಂದು ಹಿಡಿ ತೆಗೆದಿಡುವ ಕೈ ದಿನಕ್ಕೆ ಒಂದು ಹಿಡಿ ಬಿಸಾಡಲಾರದು.

ಎರಡನೆಯದು, ನೆಲಕ್ಕೆ ಒಪ್ಪುವ ಊಟ. ವಾರಕ್ಕೆ ಎರಡು ಮೂರು ಹೊತ್ತಾದರೂ ನಿಮ್ಮ ಸೀಮೆಯಲ್ಲಿ ಬೆಳೆದ ರಾಗಿ, ಜೋಳ, ನವಣೆ, ಸಾಮೆಗಳು ತಟ್ಟೆಗೆ ಬರಲಿ. ಇಂದು ಸಿರಿಧಾನ್ಯವು ಸುಂದರ ಪೊಟ್ಟಣಗಳಲ್ಲಿ ಹೆಚ್ಚಿನ ಬೆಲೆಗೆ ಮಾರಾಟವಾಗುತ್ತಿದೆ. ಹೊಟ್ಟಿನ ಜೊತೆ ತೌಡನ್ನೂ ಉಜ್ಜಿ ತೆಗೆದು, ದೂರದಿಂದ ತರಿಸಿ, ಪ್ರತಿಷ್ಠೆಗಾಗಿ ಉಂಡರೆ ಕನಕದಾಸರ ಕಾವ್ಯದಲ್ಲಿ ಭತ್ತಕ್ಕೆ ಬಂದ ಜಂಭವೇ ರಾಗಿಗೂ ಬಂದಂತಾಗುತ್ತದೆ. ಸಂತೆಯಲ್ಲಿ ರೈತರಿಂದ ನೇರವಾಗಿ ಕೊಳ್ಳುವುದು ಲೇಸು.

ಮೂರನೆಯದು, ಕಾಲಕ್ಕೆ ತಕ್ಕ ಊಟ. ಎಳ್ಳ ಅಮಾವಾಸ್ಯೆಯಂದು ಉತ್ತರ ಕರ್ನಾಟಕದ ರೈತ ಕುಟುಂಬಗಳು ಹೊಲಕ್ಕೆ ಹೋಗಿ, ಭೂತಾಯಿಗೆ ಚರಗ ಚೆಲ್ಲಿ, ಸಜ್ಜೆ ರೊಟ್ಟಿ ಮತ್ತು ಆ ಋತುವಿನ ಹಸಿಕಾಳು ಸೊಪ್ಪುಗಳನ್ನು ಕೂಡಿಸಿ ಬೇಯಿಸಿದ ಪಲ್ಯವನ್ನು ಉಣ್ಣುತ್ತವೆ. ಅಂದು ಹೊಲ ಏನು ಕೊಟ್ಟಿದೆಯೋ ಅದೇ ಹಬ್ಬದೂಟ. ವರ್ಷಕ್ಕೊಮ್ಮೆ ಮಾಡುವ ಈ ವಿವೇಕವನ್ನು ವಾರದ ಸಂತೆಗೂ ಕೊಂಡೊಯ್ಯಬಹುದು.

ನಾಲ್ಕನೆಯದು, ತಂಗಳಿನ ಬಗೆಗಿನ ನಾಚಿಕೆಯನ್ನು ಬಿಡುವುದು. ರಾತ್ರಿ ಉಳಿದ ಮುದ್ದೆಯನ್ನು ಬೆಳಿಗ್ಗೆ ಮಜ್ಜಿಗೆಯಲ್ಲಿ ಕಿವುಚಿ ಕುಡಿದು ಹೊಲಕ್ಕೆ ಹೋದವರ ಮಕ್ಕಳು ನಾವು. ಉಳಿದುದನ್ನು ಜೋಪಾನವಾಗಿಟ್ಟು, ಕೆಡುವ ಮುನ್ನ ಬಳಸಿಕೊಳ್ಳುವುದು ಬಡತನದ ಲಕ್ಷಣವಲ್ಲ, ಅಡಿಗೆ ಬಲ್ಲವರ ಲಕ್ಷಣ. ಮದುವೆ, ಗೃಹಪ್ರವೇಶಗಳಲ್ಲಿ ಭಕ್ಷ್ಯಗಳ ಸಂಖ್ಯೆಯಿಂದ ಮನೆತನವನ್ನು ಅಳೆಯುವ ರೂಢಿಗೂ ನಾವೇ ಕೊನೆ ಹಾಡಬೇಕು. ನಾಲ್ಕು ಬಗೆಯನ್ನು ರುಚಿಯಾಗಿ ಮಾಡಿ ಎಲ್ಲರೂ ಪೂರ್ತಿ ಉಣ್ಣುವಂತೆ ಬಡಿಸಿದರೆ, ಇಪ್ಪತ್ತು ಬಗೆ ಮಾಡಿ ಅರ್ಧ ಚೆಲ್ಲಿಸುವುದಕ್ಕಿಂತ ಅದು ಹಿರಿದಾದ ಸತ್ಕಾರ.

ಇವು ಯಾವುವೂ ಕಠಿಣ ವ್ರತಗಳಲ್ಲ. ಲಕ್ಕಮ್ಮನವರು ಉಪವಾಸ ಮಾಡೆಂದು ಯಾರಿಗೂ ಹೇಳಲಿಲ್ಲ. ಹೆಚ್ಚಾದುದನ್ನು ಹಿಂದಿರುಗಿಸಿರೆಂದು ತಮ್ಮ ಮನೆಯವರಿಗೆ ಮಾತ್ರ ಹೇಳಿದರು. ಹಿಂದಿರುಗಿಸಿದ ಆ ಅಕ್ಕಿ ವ್ಯರ್ಥವಾಗಲಿಲ್ಲ, ಮಹಾಮನೆಯ ಅಂಗಳಕ್ಕೆ ಮರಳಿ ಮತ್ತೊಬ್ಬರ ಪಾಲಾಯಿತು. ನಾವು ತೆಗೆದುಕೊಳ್ಳದೆ ಬಿಟ್ಟ ನೀರು ಮುಂದಿನ ಹೊಲದ ಪಾಲಾಗುತ್ತದೆ, ಕೆಡಿಸದೆ ಬಿಟ್ಟ ಮಣ್ಣು ಮುಂದಿನ ಮಕ್ಕಳ ಪಾಲಾಗುತ್ತದೆ.

ನಾನು ಈಗ ಮತ್ತೆ ತಟ್ಟೆ ತೊಳೆದು ನೀರು ಕುಡಿಯುತ್ತಿದ್ದೇನೆ. ಮೊದಮೊದಲು ಪಂಕ್ತಿಯಲ್ಲಿ ಅತ್ತಿತ್ತ ನೋಡುತ್ತಿದ್ದೆ. ಈಗ ನೋಡುವುದಿಲ್ಲ. ಕಳೆದ ತಿಂಗಳು ಪಕ್ಕದಲ್ಲಿ ಕುಳಿತಿದ್ದ ಪಾಠಶಾಲೆಯ ಹುಡುಗನೊಬ್ಬ ನನ್ನನ್ನು ನೋಡಿ ತಾನೂ ಹಾಗೆಯೇ ಮಾಡಿದ. ಮುಂದಿನ ಸುತ್ತಿಗೆ ಅನ್ನದ ಬುಟ್ಟಿ ಬಂದಾಗ ಅವನು ಕೈ ಅಡ್ಡ ಹಿಡಿದು, ಇಂದಿಗೆ ಇಷ್ಟು ಸಾಕು ಎಂದ.